ಘಟೋತ್ಕಚನಿಗೆ ಹೆಸರು ಭಾರವಾದದ್ದು

ಒಲೆ ಹಚ್ಚುವ ಮುಂಚೆ ದೇವರನ್ನು ನೆನೆಯಬೇಕು, ಬಾಯಿ ತೆರೆಯುವ ಮುಂಚೆಯೂ ಹಾಗೆಯೇ. ಆನೆಗೂ ಇಲಿಗೂ ಒಂದೇ ಕೈಯಿಂದ ಉಸಿರು ಹಂಚಿದವನನ್ನು ನೆನೆದು ಶುರುಮಾಡುತ್ತೇನೆ.

ಜಾವಾದ ನಮ್ಮ ಕೆಪುಹ್‌ಸಾರಿಯಲ್ಲಿ ಯಾರ ಮನೆಯಲ್ಲಿ ಹರಕೆಯ ಊಟವಾದರೂ ಪ್ರಾರ್ಥನೆ ಹೇಳುವವನು ನಾನು. ಊರು ನನ್ನನ್ನು ಪಾಕ್ ಕೌಮ್ ಎಂದು ಕರೆಯುತ್ತದೆ. ನಮ್ಮಲ್ಲಿ ಹಿರಿಯ ಗಂಡಸು ಪಾಕ್, ಹಿರಿಯ ಹೆಂಗಸು ಬು, ಅಣ್ಣನಂಥವನು ಮಾಸ್. ಏಳು ತಿಂಗಳ ಬಸುರಿಗೆ ಪ್ರಾರ್ಥನೆ ಹೇಳಿದ್ದೇನೆ, ಹೊಸ ಮೋಟಾರುಸೈಕಲ್ಲಿಗೆ ಹೇಳಿದ್ದೇನೆ, ಬಾವಿಗೆ ಬಿದ್ದು ಬದುಕಿ ಬಂದ ಎಮ್ಮೆಗೂ ಹೇಳಿದ್ದೇನೆ. ಊಟ ಹಾಕುವವನು ಯಾರಿಗಾಗಿ ಎಂದು ತಿಳಿಸಿದರೆ ಸಾಕು. ಅವರ ಹೆಸರು, ಹುಟ್ಟಿದ ವಾರ, ತಾಯಿತಂದೆಯ ಹೆಸರು ಎಲ್ಲವನ್ನೂ ಸಭೆಯ ಮುಂದೆ ಸ್ಪಷ್ಟವಾಗಿ ಹೇಳಿ ದೇವರ ಪಾದಕ್ಕೆ ಒಪ್ಪಿಸುತ್ತೇನೆ. ನನ್ನ ನಾಲಗೆ ಎಲ್ಲೂ ತಡವರಿಸಿದ್ದಿಲ್ಲ. ತಡವರಿಸಿದ್ದು ಮಾಸ್ ವಾಸಿತೊನ ಮನೆಯಲ್ಲಿ ಮಾತ್ರ.

ವಾಸಿತೊ ನಮ್ಮ ಬೀದಿಯ ಅಳಿಯ. ಯೋಗ್ಯಕರ್ತದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ. ತುಂಬ ಒಳ್ಳೆಯವನು, ಆದರೆ ದೇವರು ಅವನ ತಲೆಯೊಳಗೆ ಸಾಮಾನು ಜೋಡಿಸುತ್ತಿದ್ದಾಗ ಯಾರೋ ಬಾಗಿಲು ತಟ್ಟಿರಬೇಕು. ಉಪ್ಪು ತರಲು ಹೋದವನು ಹಗ್ಗ ತರುತ್ತಾನೆ. ಮಸೀದಿಯಿಂದ ಹೊರಟರೆ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ನನ್ನದು.

ಇಂಥವನು ಕೆಲಸದಲ್ಲಿ ಏನು ಮಾಡುತ್ತಾನೆಂದು ನನಗೆ ತಿಳಿದದ್ದು ಆಮೇಲೆ. ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಅತಿಥಿಗಳನ್ನು ಬರಿಯ ಲೋಟದ ಮುಂದೆ ಕೂರಿಸಬಾರದು. ನಾವು ತಿಂದ ಸಿಹಿ ಯಕೃತ್ತಿಗೆ ಬಂದು ಸೇರುತ್ತದೆಯಂತೆ. ಅಲ್ಲಿ ಗ್ಲುಕೋಕೈನೇಸ್ ಎಂಬ ಕಿಣ್ವ, ಸಂತೆಬಾಗಿಲಲ್ಲಿ ಕೂತ ಮನುಷ್ಯನ ಹಾಗೆ, ಒಂದೊಂದು ಸಕ್ಕರೆಯ ಮೈಮೇಲೂ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಸಕ್ಕರೆ ಬಂದ ದಾರಿಯಲ್ಲಿ ವಾಪಸು ಹೋಗುವ ಹಾಗಿಲ್ಲ. ಈ ಬಾಗಿಲವನು ಎಲ್ಲಿದ್ದಾನೆ, ಎಷ್ಟಿದ್ದಾನೆ ಎಂದು ತಿಳಿಯಬೇಕಾದರೆ, ಸಾವಿರ ಮಂದಿಯ ನೂಕುನುಗ್ಗಲಲ್ಲೂ ಅವನೊಬ್ಬನನ್ನೇ ಗುರುತುಹಿಡಿದು ತಬ್ಬಿಕೊಳ್ಳುವ ಒಂದು ಪ್ರತಿಕಾಯ ಬೇಕು. ಹೊರದೇಶದಿಂದ ತರಿಸಿದ್ದು ದಾರಿಯಲ್ಲೇ ಕೆಟ್ಟು ಬರುತ್ತಿತ್ತು, ಕೆಡದೆ ಬಂದರೆ ಕಂಡಕಂಡವರನ್ನೆಲ್ಲ ತಬ್ಬುತ್ತಿತ್ತು. ಹಾಗಾಗಿ ವಾಸಿತೊ ಮತ್ತು ಅವನ ಮೇಲಿನ ಪ್ರೊಫೆಸರಮ್ಮ ಬು ರೆತ್ನಾನಿಂಗ್, ವರ್ಷಗಟ್ಟಲೆ ಹೆಣಗಿ, ಅಂಥ ಪ್ರತಿಕಾಯವನ್ನು ಹೆರುವ ಜೀವಕೋಶದ ಒಂದು ತಳಿಯನ್ನು ಇಲ್ಲೇ ಎಬ್ಬಿಸಿದರು. ಅದು ತನ್ನವನನ್ನಲ್ಲದೆ ಬೇರೆಯವರನ್ನು ಮುಟ್ಟುತ್ತಿರಲಿಲ್ಲ. ಪತಿವ್ರತೆಯಂಥ ಪ್ರತಿಕಾಯ.

ಪ್ರಯೋಗಾಲಯದ ಪದ್ಧತಿಯಲ್ಲಿ ತಳಿಗೆ ಒಂದು ಅಕ್ಷರ, ಒಂದು ಅಂಕಿ ಇಟ್ಟರೆ ಮುಗಿಯಿತು. ವಾಸಿತೊಗೆ ಅದು ಸಾಲಲಿಲ್ಲ. ತೊಗಲುಗೊಂಬೆಯಾಟ ನೋಡಿ ಬೆಳೆದವನು. ಸೀಸೆಯ ಮೇಲೆ ದಪ್ಪಕ್ಷರದಲ್ಲಿ ಬರೆದ: ಘಟೋತ್ಕಚ.

ಬರೆದ ವಾರದಿಂದಲೇ ಘಟೋತ್ಕಚ ಸೊರಗತೊಡಗಿದ. ಹಿಮದ ಡಬ್ಬದಲ್ಲಿಟ್ಟಿದ್ದ ಅವನ ಒಡಹುಟ್ಟಿದವರನ್ನು ತೆಗೆದು ಬೆಚ್ಚಗೆ ಮಾಡಿದರೆ ಅವರು ಏಳಲೇ ಇಲ್ಲ. ಉಳಿದದ್ದು ಇವನೊಬ್ಬನೇ. ಪ್ರೊಫೆಸರಮ್ಮ ಕನ್ನಡಕ ಒರೆಸಿಕೊಂಡು ಹೇಳಿಬಿಟ್ಟರು: "ಹಬ್ಬದ ರಜೆ ಮುಗಿಯೋವರೆಗೂ ನೋಡೋಣ ಮಾಸ್. ಆಗ್ಲೂ ಹೀಗೇ ಇದ್ರೆ ಸೀಸೆಗೆ ಬ್ಲೀಚು ಸುರಿದು ಹೊರದೇಶಕ್ಕೆ ಹೇಳಿಕಳಿಸೋಣ."

ವಾಸಿತೊಗೆ ಅವತ್ತಿನಿಂದ ಅನ್ನ ಇಳಿಯಲಿಲ್ಲ.

ಈದ್ ದಿನ ಅವನ ಅತ್ತೆಯ ಮನೆಯಲ್ಲಿ ಬೀದಿಯೆಲ್ಲ ಸೇರಿತ್ತು. ಅವರನ್ನು ಎಲ್ಲರೂ ಎಂಬಾ ಸಾಸ್ತ್ರೊ ಎನ್ನುತ್ತಾರೆ, ಎಂಬಾ ಎಂದರೆ ಅಜ್ಜಿ. ಹಿರಿಯರ ಕಾಲಿಗೆ ಬಿದ್ದು ತಪ್ಪೊಪ್ಪಿಕೊಳ್ಳುವುದು ಮುಗಿದು ಚಹಾ ಬಂದಿತ್ತು. ಹಿರಿಯ ಅಳಿಯ ಪಾಕ್ ಬ್ರೋತೊ ತಾಲೂಕು ಕಚೇರಿಯಲ್ಲಿ ದೊಡ್ಡ ಮೇಜಿನ ಹಿಂದೆ ಕೂರುವವರು. ಮನೆಯಲ್ಲೂ ಮೇಜು ಎದುರಿಗಿದೆಯೆಂಬಂತೆಯೇ ಕೂರುತ್ತಾರೆ.

"ನಮ್ಮ ದೊಡ್ಡೋನಿಗೆ ಸರ್ಕಾರಿ ಕಾಲೇಜಲ್ಲಿ ಸೀಟು ಸಿಕ್ತು. ಚಿಕ್ಕೋಳು ಕುರಾನ್ ಪಠಣದಲ್ಲಿ ಬಹುಮಾನ ತಗೊಂಡ್ಲು," ಎಂದರು. ಆಮೇಲೆ ಷಡ್ಡಕನ ಕಡೆ ತಿರುಗಿ, "ನಿಂದೇನಪ್ಪಾ ವಾಸಿತೊ? ಇನ್ನೂ ಸೀಸೆ ತೊಳ್ಕೊಂಡೇ ಇದೀಯಾ?"

ವಾಸಿತೊ ಮತ್ತು ಅವನ ಹೆಂಡತಿ ರುಕ್ಮಿಗೆ ಮಕ್ಕಳಿಲ್ಲ. ಸಭೆ ತಲೆ ತಗ್ಗಿಸಿ ಲೋಟ ನೋಡಿತು. ಆಗ ವಾಸಿತೊ ಗೋಡೆಯ ಗಡಿಯಾರ ನೋಡಿ ಎದ್ದುನಿಂತ.

"ಅಯ್ಯೋ, ಕ್ಷಮಿಸಿ ಮಾಸ್. ಘಟೋತ್ಕಚನಿಗೆ ಊಟದ ಹೊತ್ತಾಯ್ತು. ಹಬ್ಬ ಅಂತ ಅಲ್ಲಿ ಯಾರೂ ಇಲ್ಲ, ನಾನೇ ಹೋಗ್ಬೇಕು. ತುಂಬ ಬಡಕಲಾಗ್ಬಿಟ್ಟಿದಾನೆ. ಹೋದ್ ಸಲ ತಡವಾದಾಗ ಅರ್ಧ ಜೀವ ಹೋಗಿತ್ತು."

ಬೇರೆ ಯಾವ ದೇಶದಲ್ಲಾದರೂ ಯಾರಾದರೊಬ್ಬರು "ಯಾರಯ್ಯಾ ಅವನು ಘಟೋತ್ಕಚ?" ಎಂದು ಕೇಳುತ್ತಿದ್ದರು, ಕಥೆ ಅಲ್ಲಿಗೇ ಮುಗಿದು ನಾನು ಮನೆಗೆ ಹೋಗುತ್ತಿದ್ದೆ. ಆದರೆ ನಾವು ಜಾವಾದವರು. ಎದುರಿಗೆ ಕೂತವನ ಮೀಸೆಗೆ ಬೆಂಕಿ ಹತ್ತಿದರೂ "ಇವತ್ತು ಯಾಕೋ ಸೆಕೆ ಅಲ್ವೆ" ಎನ್ನುವವರು. ನೇರವಾಗಿ ಕೇಳುವುದು ಎಮ್ಮೆಯ ನಡತೆ.

"ಹೌದಪ್ಪಾ, ಹೊಟ್ಟೆ ಅಂದ್ಮೇಲೆ ಹಸಿವು," ಎಂದರೊಬ್ಬರು.

"ಚಿಕ್ಕ ವಯಸ್ಸಲ್ಲಿ ಬಡಕಲಾಗಿರೋರೇ ಮುಂದೆ ದಪ್ಪಗಾಗೋದು," ಎಂದರು ಇನ್ನೊಬ್ಬರು.

ಪಾಕ್ ಬ್ರೋತೊ ಚಹಾ ಎಂದು ತಿಳಿದು ಕೈತೊಳೆಯುವ ನೀರು ಕುಡಿದರು. ವಾಸಿತೊನ ಮೋಟಾರುಸೈಕಲ್ಲಿನ ಸದ್ದು ಬೀದಿಯ ತುದಿಯಲ್ಲಿ ಅಡಗಿತು. ಯಾರೂ ಏನೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಮರುದಿನ ಹುದುಗಿಸಿದ ಸೋಯಾಕಾಳಿನ ಟೆಂಪೆ ಮಾರುವ ಬು ತುಮಿ, ಹಿಂದೆ ಇನ್ನಿಬ್ಬರನ್ನು ಕಟ್ಟಿಕೊಂಡು ರುಕ್ಮಿಯ ಮನೆಗೆ ಬಂದಳು. ಹಿತ್ತಲ ಬೇಲಿಯ ಈಚೆ ಕೋಳಿಗೆ ನುಚ್ಚು ಹಾಕುತ್ತಿದ್ದ ನನಗೆ ಎಲ್ಲ ಕೇಳಿಸಿತು. ಕೋಳಿಗಳೂ ಅವತ್ತು ಸದ್ದು ಮಾಡಲಿಲ್ಲ.

"ತಾಳ್ಮೆ ಅನ್ನೋದು ಸ್ವರ್ಗದ ಬೀಗದ ಕೈ ಕಣಮ್ಮ," ಎಂದಳು ತುಮಿ, ಸೆರಗಿನಿಂದ ಕಣ್ಣೊರೆಸಿಕೊಂಡು.

ಗಂಡನ ಸೀಸೆಯ ವಿಷಯ ಹೇಗೋ ಇವರಿಗೆ ತಿಳಿದಿದೆಯೆಂದು ರುಕ್ಮಿ ತಿಳಿದಳು. "ಏನ್ಮಾಡೋದು ಬು, ಹಚ್ಕೊಂಡ್ಬಿಟ್ಟಿದಾರೆ. ರಾತ್ರಿ ನಿದ್ದೇಲೂ ಅವನ ಹೆಸರೇ. ನಂಗೂ ಪಾಪ ಅನ್ಸುತ್ತೆ. ಅವನು ಬದುಕ್ಲಿ ಅಂತ ಸೋಮವಾರ ಗುರುವಾರ ಉಪವಾಸ ಇದೀನಿ."

"ನೀನು?" ತುಮಿ ರುಕ್ಮಿಯ ಕೈ ಹಿಡಿದಳು. "ನೀನು ಉಪವಾಸ ಇದೀಯಾ, ಅವನಿಗೋಸ್ಕರ?"

"ಮತ್ತೆ? ನಮ್ಮೋರು ಇಷ್ಟು ವರ್ಷ ಕಷ್ಟಪಟ್ಟು ಮಾಡಿದ್ದಲ್ವಾ?"

ಮೂವರೂ ಒಟ್ಟಿಗೆ ಅಳತೊಡಗಿದರು. ರುಕ್ಮಿಗೆ ಗಾಬರಿಯಾಗಿ ಒಳಗಿಂದ ಬಾಳೆಹಣ್ಣಿನ ಬಜ್ಜಿ ತಂದುಕೊಟ್ಟಳು. ಅತ್ತುಕೊಂಡೇ ತಿಂದರು. ಹೊರಡುವಾಗ ತುಮಿ ಬಾಣಂತಿಗೆ ಕೊಡುವ ಅರಿಶಿನದ ಕಷಾಯದ ಬಾಟಲಿಯೊಂದನ್ನು ಜಗಲಿಯ ಮೇಲಿಟ್ಟು, "ಯಾರಿಗೆ ಬೇಕೋ ಅವ್ರಿಗೆ ತಲುಪಿಸ್ಲಿ ನಿಮ್ಮೋರು," ಎಂದು ಹೋದಳು. ವಾಸಿತೊ ಯಾಕೆಂದು ಕೇಳಲಿಲ್ಲ. ಕೇಳುವುದು ಚೆನ್ನಾಗಿರುವುದಿಲ್ಲವಲ್ಲ. ಹಬ್ಬದ ಶುಭಾಶಯ ಹೇಳಲು ಹೋದಾಗ ಪ್ರೊಫೆಸರಮ್ಮನಿಗೇ ಕೊಟ್ಟ. ಅವರೂ ಕೇಳಲಿಲ್ಲ, ಮರುದಿನ ಫೋನು ಮಾಡಿ "ರುಚಿಯಾಗಿತ್ತು, ಥ್ಯಾಂಕ್ಸ್ ಹೇಳಿ" ಎಂದರು. ಆ ಥ್ಯಾಂಕ್ಸ್ ಬೀದಿಗೆ ಬಂದು ಮುಟ್ಟಿದಾಗ ಬು ತುಮಿ ಗೋಡೆ ಹಿಡಿದು ಕೂತಳಂತೆ.

ಇಷ್ಟರಲ್ಲಿ ಬೀದಿಯ ಮುಖ್ಯಸ್ಥ ಪಾಕ್ ಮರ್ಗೊನೊಗೆ ಕರ್ತವ್ಯ ನೆನಪಾಯಿತು. ಹೊಸ ತಲೆ ಬಂದರೆ ಒಂದು ದಿನದೊಳಗೆ ವರದಿಯಾಗಬೇಕೆಂದು ಬೀದಿಯ ಬಾಯಲ್ಲಿ ಬೋರ್ಡು ಬರೆಸಿದವರೇ ಅವರು. ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದುಕೊಂಡು ಹೋದರು. ಮಾವಿನ ಹಣ್ಣಿನ ಬೆಲೆ, ಮೆರಾಪಿ ಬೆಂಕಿಬೆಟ್ಟದ ಹೊಗೆ, ಮಸೀದಿಯ ಮೈಕು, ಎಲ್ಲ ಸುತ್ತಿ ಬಂದ ಮೇಲೆ ಮೆಲ್ಲಗೆ ವಿಷಯ ತೆಗೆದರು.

"ಮಾಸ್, ಹೊಸಬರು ಯಾರಾದ್ರೂ ಇದ್ರೆ... ಬೀದಿಗೆ ತಂದ್ರೆ... ನಮ್ದೇನೂ ಅಡ್ಡಿ ಇಲ್ಲ ಅಂತ."

ವಾಸಿತೊ ನಿಯಮದ ಮನುಷ್ಯ. "ಛೇ ಛೇ, ಹೊರಗೆ ತರೋ ಹಾಗೇ ಇಲ್ಲ ಪಾಕ್. ಕಾಯ್ದೆ ಇದೆ. ಅವನು ಪೆಟ್ಟಿಗೇಲೇ ಇರ್ಬೇಕು."

"ಪೆಟ್ಟಿಗೇಲಿ," ಎಂದರು ಮುಖ್ಯಸ್ಥರು.

"ಬೆಚ್ಚಗಿರುತ್ತೆ. ಮೈ ಬಿಸಿಯಷ್ಟೇ ಬಿಸಿ. ನಾನು ಅವಾಗವಾಗ ಬಾಗಿಲು ತೆಗೆದು ನೋಡ್ತಾನೇ ಇರ್ತೀನಿ, ಉಸಿರಿದೆಯಾ ಅಂತ."

"ಒಬ್ರೇ ನೋಡ್ಕೋತೀರಾ?"

"ಇಲ್ಲ ಇಲ್ಲ. ಬು ರೆತ್ನಾನಿಂಗೂ ಇದಾರೆ. ಇಬ್ರೂ ಸೇರಿ ಮಾಡಿದ್ದಲ್ವಾ. ಅವರಿಗಂತೂ ಬೇಸರ ಬಂದ್ಬಿಟ್ಟಿದೆ. ರಜೆ ಮುಗಿಯೋದ್ರಲ್ಲಿ ಚೇತರಿಸ್ಕೊಳ್ದಿದ್ರೆ ಬ್ಲೀಚು ಸುರಿದ್ಬಿಡ್ತೀನಿ ಅಂತಾರೆ."

ಮುಖ್ಯಸ್ಥರ ಮುಖ ಸುಣ್ಣವಾಯಿತು. ಅವರು ನನ್ನ ಕಡೆ ನೋಡಿದರು, ನಾನು ಜಪಮಾಲೆಯ ಕಡೆ ನೋಡಿದೆ. "ಈ ಸಲ ಮಾವು ಸ್ವಲ್ಪ ಹುಳಿ," ಎಂದು ಹೇಳಿ ಎದ್ದರು. ದಾರಿಯಲ್ಲಿ ನನ್ನ ತೋಳು ಹಿಡಿದು, "ಪಾಕ್ ಕೌಮ್, ಇದು ಬೀದಿ ಮಟ್ಟದ ವಿಷಯ ಅಲ್ಲ," ಎಂದರು. ದೇವರ ಮಟ್ಟದ್ದು ಎಂದು ನನ್ನ ಮೇಲೆ ಹಾಕುವ ಧಾಟಿ ಅದು.

ವಿಷಯವನ್ನು ಕೈಗೆತ್ತಿಕೊಂಡವರು ಕೊನೆಗೆ ಎಂಬಾ ಸಾಸ್ತ್ರೊ. ಬೆನ್ನು ಬಾಗಿದೆ, ಮಾತು ಬಾಗಿಲ್ಲ. ಆದರೆ ಅವರೂ ಜಾವಾದವರೇ. ಕೇಳುವುದನ್ನು ಕೇಳದೆ, ಮಾಡುವುದನ್ನು ಮಾಡಿದರು. ಹಳೆಯ ಬಾಟಿಕ್ ಬಟ್ಟೆಯೊಂದನ್ನು ಪೆಟ್ಟಿಗೆಯಿಂದ ತೆಗೆದು ತಂದು ಅಳಿಯನ ಮಡಿಲಿಗೆ ಹಾಕಿದರು. ರುಕ್ಮಿಯನ್ನು ಹೊತ್ತು ತಿರುಗಿದ ಜೋಳಿಗೆ ಬಟ್ಟೆ ಅದು.

"ಎಲ್ಲಿ ಹುಟ್ಟಿದ್ರೇನು ಮಗಾ, ನಿನ್ನ ಕೈಯಿಂದ ಬಂದದ್ದು ನಮ್ಮನೇದೇ. ಯಾಕೆ ಸೊರಗಿದಾನೆ ಗೊತ್ತಾ? ಹೆಸರು ಭಾರ. ಅಷ್ಟು ಚಿಕ್ಕ ಜೀವಕ್ಕೆ ಘಟೋತ್ಕಚ ಅಂತ ಇಟ್ರೆ ತಡ್ಕೊಳುತ್ತಾ? ಕಬ್ಬಿಣದ ಮೂಳೆಯೋನು, ಆಕಾಶದಲ್ಲಿ ಹಾರೋನು ಅವನು. ಆ ಹೆಸರು ಮೇಲೆ ಕೂತು ಅಮುಕ್ತಾ ಇದೆ. ಬದಲಾಯ್ಸು. ಕೆಂಪು ಗಂಜಿ ಬಿಳಿ ಗಂಜಿ ಮಾಡಿ, ಬೀದಿಗೆ ಊಟ ಹಾಕಿ, ಹಗುರವಾದ ಹೆಸರಿಡು."

ವಾಸಿತೊ ಬಟ್ಟೆಗೆ ಮುಖ ಒತ್ತಿಕೊಂಡು ಅತ್ತುಬಿಟ್ಟ. ತನ್ನ ಕೆಲಸವನ್ನು ಇಷ್ಟು ದಿನ ಸೀಸೆ ತೊಳೆಯುವುದೆಂದೇ ತಿಳಿದಿದ್ದ ಅತ್ತೆ ಇವತ್ತು ಹೀಗೆ ಹೇಳುವುದೆಂದರೆ! "ನೀವು ಒಪ್ಕೊಂಡ್ರಲ್ಲ ಬು, ಅಷ್ಟೇ ಸಾಕು ನಂಗೆ."

"ಒಪ್ಕೊಳ್ದೆ ಏನ್ಮಾಡ್ಲಿ," ಎಂದು ಎಂಬಾ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಅವರಮ್ಮನಿಗೂ ಬರೋಕೆ ಹೇಳು. ಬಚ್ಚಿಡೋದು ಬೇಡ."

"ಅವರಮ್ಮ ತೀರ್ಕೊಂಡ್ರು ಬು."

"ಮತ್ತೆ ಆ ಪ್ರೊಫೆಸರು?"

"ಅವರನ್ನೂ ಕರೀಬೇಕಾ? ಖಂಡಿತ ಕರೀತೀನಿ."

ಎಂಬಾ ಗೊಂದಲದಲ್ಲಿ ಎಲೆಯಡಿಕೆಯನ್ನು ಸುಣ್ಣವಿಲ್ಲದೆಯೇ ಜಗಿದರಂತೆ. ಆದರೂ ಕೇಳಲಿಲ್ಲ.

ರಜೆಯ ಕೊನೆಯ ದಿನ. ಬೆಳಗಿನಿಂದ ವಾಸಿತೊಗೆ ತಲೆ ಎತ್ತಲು ಬಿಡುವಿರಲಿಲ್ಲ. ತೆಂಗಿನಕಾಯಿ ತುರಿ, ಚಾಪೆ ಹಾಸು, ಕೋಳಿ ಹಿಡಿ. ಪ್ರಯೋಗಾಲಯಕ್ಕೆ ಹೋಗಲಾಗಲಿಲ್ಲವೆಂದು ಒಳಗೊಳಗೇ ಒದ್ದಾಡುತ್ತಿದ್ದ. ಮಧ್ಯಾಹ್ನದ ನಮಾಜಿನ ನಂತರ ಬೀದಿಯ ಗಂಡಸರು ಚಾಪೆಯ ಮೇಲೆ, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ ತುಂಬಿದರು. ನಡುವೆ ಗೋಪುರದ ಹಾಗೆ ಅನ್ನ, ಪಕ್ಕದಲ್ಲಿ ತಟ್ಟೆಗಳಲ್ಲಿ ಬೆಲ್ಲದ ಕೆಂಪು ಗಂಜಿ, ತೆಂಗಿನಹಾಲಿನ ಬಿಳಿ ಗಂಜಿ. ಹರಕೆಯ ಊಟಕ್ಕೆ ಇಷ್ಟು ಜನ ನಾನು ನೋಡಿದ್ದೇ ಇಲ್ಲ. ಮೊಣಕಾಲು ನೋವೆಂದು ಮಸೀದಿಗೆ ಬಾರದವರೂ ಬಂದಿದ್ದರು.

ಸ್ಕೂಟರಿನ ಸದ್ದಾಯಿತು. ಹೆಲ್ಮೆಟ್ಟು ತೆಗೆದು ಬು ರೆತ್ನಾನಿಂಗ್ ಒಳಗೆ ಬಂದರು. ದಪ್ಪ ಕನ್ನಡಕ, ನಿವೃತ್ತಿಗೆ ಹತ್ತಿರವಾದ ವಯಸ್ಸು, ಕೈಯಲ್ಲಿ ಕಿತ್ತಳೆಯ ಚೀಲ. ರುಕ್ಮಿ ಓಡಿಹೋಗಿ ಅವರನ್ನು ತಬ್ಬಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಯಾರದೋ ಕೈಯಿಂದ ಸೌಟು ಬಿತ್ತು.

"ಇಷ್ಟು ವಯಸ್ಸಾದೋಳೇ?" ಎಂದು ಪಿಸುಗುಟ್ಟಿದರು ಪಾಕ್ ಬ್ರೋತೊ.

"ವಿದ್ಯಾವಂತರದ್ದು ನಮಗೆ ತಿಳಿಯಲ್ಲ," ಎಂದರು ಮುಖ್ಯಸ್ಥರು.

ನಾನು ಬಿಸ್ಮಿಲ್ಲಾ ಎಂದು ಶುರುಮಾಡಿದೆ. "ಸೇರಿದ ಹಿರಿಯರೇ, ಇವತ್ತಿನ ಊಟ ಒಂದು ಎಳೆಯ ಜೀವದ ಕ್ಷೇಮಕ್ಕಾಗಿ. ಮಾಸ್, ಅವನು ಹುಟ್ಟಿದ ವಾರ?"

"ಲೆಗಿ ಸಂತೆಯ ದಿನ, ಪಾಕ್. ಅವತ್ತೇ ನಾವು ಅವನನ್ನ ಕೂಡಿಸಿದ್ದು."

ಲೆಗಿ ಎಂದರೆ ಸಿಹಿ, ನಮ್ಮ ಐದು ದಿನದ ಸಂತೆವಾರದಲ್ಲಿ ಒಂದು ದಿನ. ಸಂತೆಯ ದಿನದ ಹೆಸರು ಬಡವರ ಮಕ್ಕಳ ಹೆಸರು. ಅದಕ್ಕಿಂತ ಹಗುರವಾದದ್ದು ಇಲ್ಲ. "ಹಾಗಾದ್ರೆ ಇವತ್ತಿನಿಂದ ಇವನು ಲೆಗಿಮಿನ್," ಎಂದೆ. ಸಭೆ "ಹೌದು" ಎಂದಿತು. "ಲೆಗಿಮಿನ್... ತಾಯಿಯ ಹೆಸರು?"

ವಾಸಿತೊ ಗಂಟಲು ಸರಿಮಾಡಿಕೊಂಡ. "ಹೆಸರೇನೂ ಇರ್ಲಿಲ್ಲ, ಪಾಕ್. ಒಂದು ಬಿಳಿ ಇಲಿ."

ಅನ್ನದ ಗೋಪುರದಿಂದ ಮೇಲೇಳುತ್ತಿದ್ದ ಹಬೆಯೂ ನಿಂತಂತೆ ನನಗೆ ಭಾಸವಾಯಿತು. "ಏನಂದೆ?"

"ಇಲಿ. ಅದರ ಗುಲ್ಮದಿಂದ ತೆಗೆದ ಜೀವಕೋಶ."

"ತಂದೆ?"

"ತಂದೆ ಕಡೆಯೋರು ಕ್ಯಾನ್ಸರು."

ನಲವತ್ತು ವರ್ಷಗಳಿಂದ ಪ್ರಾರ್ಥನೆ ಹೇಳಿದ ನನ್ನ ನಾಲಗೆ ಅಂಗುಳಕ್ಕೆ ಅಂಟಿತು. ಪ್ರೊಫೆಸರಮ್ಮ ನನ್ನ ಕಷ್ಟ ನೋಡಿ ತಾವೇ ಮುಂದೆ ಬಂದು ವಿವರಿಸಿದರು. "ನೋಡಿ ಪಾಕ್, ಇಲಿ ಕಡೆಯೋರಿಗೆ ಗುರುತು ಹಿಡಿಯೋ ವಿದ್ಯೆ ಗೊತ್ತು, ಆದ್ರೆ ಬೇಗ ಸಾಯ್ತಾರೆ. ಕ್ಯಾನ್ಸರು ಕಡೆಯೋರಿಗೆ ಯಾವ ವಿದ್ಯೆಯೂ ಇಲ್ಲ, ಆದ್ರೆ ಸಾಯೋದೇ ಗೊತ್ತಿಲ್ಲ. ಇಬ್ಬರನ್ನೂ ಕೂಡಿಸಿದ್ರೆ ಹುಟ್ಟೋದು ಗುರುತೂ ಹಿಡಿಯುತ್ತೆ, ಬದುಕೂ ಬದುಕುತ್ತೆ."

"ಹಾಗಾದ್ರೆ ಮಗು?" ಎಂದರು ಪಾಕ್ ಬ್ರೋತೊ. ನಮ್ಮ ಬೀದಿಯ ಇತಿಹಾಸದಲ್ಲಿ ಯಾರಾದರೂ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ಯಾವ ಮಗು?" ಎಂದ ವಾಸಿತೊ.

ರುಕ್ಮಿ ಒಮ್ಮೆ ತುಮಿಯ ಮುಖ ನೋಡಿದಳು, ಒಮ್ಮೆ ಗೋಡೆಗೆ ಒರಗಿದ ಪ್ರೊಫೆಸರಮ್ಮನ ಮುಖ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅಲ್ಲಿಂದ ಬಂದ ನಗು ಮಸೀದಿಯ ಮೈಕಿಗಿಂತ ಜೋರಾಗಿತ್ತು.

ಆದರೆ ಎಂಬಾ ಸಾಸ್ತ್ರೊ ನಗಲಿಲ್ಲ. ಪಕ್ಕದ ಊರಿನ ನೆಂಟರಿಗೂ ಮೊಮ್ಮಗ ಬಂದನೆಂದು ಹೇಳಿಕಳಿಸಿದ್ದರು ಅವರು. ಅವರ ಕೈ ಕೆಂಪು ಗಂಜಿಯ ತಟ್ಟೆಯ ಮೇಲಿತ್ತು. ಅದನ್ನು ಎತ್ತಿ ಒಳಗೆ ಒಯ್ದುಬಿಟ್ಟರೆ ಊಟ ಮುರಿಯಿತು, ಲೆಗಿಮಿನ್ ಹೆಸರಿಲ್ಲದೆ ನಾಳೆ ಬ್ಲೀಚಿಗೆ ಹೋಗುತ್ತಾನೆ. ವಾಸಿತೊಗೂ ಅದು ಗೊತ್ತಿತ್ತು. ಅವನು ಅತ್ತೆಯ ಕೈಯನ್ನೇ ನೋಡುತ್ತ ಕೂತ.

"ಪ್ರೊಫೆಸರಮ್ಮ," ಎಂದರು ಎಂಬಾ, "ಇವನಿಂದ ಏನು ಉಪಯೋಗ?"

"ಸಕ್ಕರೆ ಕಾಯಿಲೆ ಯಾಕೆ ಬರುತ್ತೆ ಅಂತ ಹುಡುಕೋರಿಗೆ ಇವನು ಕಣ್ಣು, ಎಂಬಾ. ಒಳಗೆ ಅಡಗಿರೋ ಒಂದೇ ಒಂದು ಕಿಣ್ವಾನ ತೋರಿಸ್ತಾನೆ."

"ಸುಳ್ಳು ಹೇಳ್ತಾನಾ?"

"ಇವತ್ತಿನವರೆಗೂ ಹೇಳಿಲ್ಲ. ಹೊರದೇಶದಿಂದ ಬಂದೋನು ಹೇಳ್ತಿದ್ದ."

"ಇವನನ್ನ ಮಾಡಿದ್ದು ಯಾರು? ನಮ್ಮ ವಾಸಿತೊನೇ?"

"ಅವರೇ. ನಾನು ಬೈದೆ, ಅವರು ಮಾಡಿದ್ರು."

ಎಂಬಾ ತಟ್ಟೆಯನ್ನು ಎತ್ತಿದರು. ಎತ್ತಿ, ನನ್ನ ಮುಂದೆ ಇನ್ನೂ ಹತ್ತಿರಕ್ಕೆ ಸರಿಸಿದರು. "ಪಾಕ್ ಕೌಮ್, ಅನ್ನ ಆರ್ತಾ ಇದೆ. ನಮ್ಮ ವಂಶದಲ್ಲಿ ಸುಳ್ಳು ಹೇಳ್ದೇ ಇರೋನು ಇವನೇ ಮೊದಲು. ಶುರುಮಾಡು."

ಪಾಕ್ ಬ್ರೋತೊ ಕೆಮ್ಮಿದರು.

ನಾನು ಕಣ್ಣು ಮುಚ್ಚಿದೆ. ಇಲಿಯ ಮಗನಿಗೆ ಪ್ರಾರ್ಥನೆ ಸಲ್ಲುತ್ತದೆಯೇ ಎಂದು ಒಳಗೆ ಕೇಳಿಕೊಂಡೆ. ಕಾಣದ ಒಬ್ಬನನ್ನೇ ಗುರುತಿಸಿ, ಬೇರೆ ಯಾರಿಗೂ ಮರುಳಾಗದೆ, ಅವನನ್ನೇ ತಬ್ಬಿ ನಿಲ್ಲುವುದು. ನಾನು ಬದುಕಿಡೀ ದಿನಕ್ಕೆ ಐದು ಸಲ ಮಾಡಲು ಹೆಣಗಿದ್ದು ಅಷ್ಟೇ ಅಲ್ಲವೇ? ನನಗಿಂತ ಅವನೇ ವಾಸಿ ಎನ್ನಿಸಿತು. "ಬಿಳಿ ಇಲಿಯ ಮಗ, ಕೆಪುಹ್‌ಸಾರಿಯ ಮೊಮ್ಮಗ ಲೆಗಿಮಿನ್‌ಗೆ ಆಯುಸ್ಸು ಕೊಡು ದೇವರೇ," ಎಂದೆ. ಚಾಪೆಯ ಮೇಲಿದ್ದವರೆಲ್ಲ ಆಮೀನ್ ಎಂದರು. ಮುಖ್ಯಸ್ಥರದ್ದು ಎಲ್ಲರಿಗಿಂತ ದೊಡ್ಡದು. ವರದಿ ಬರೆಯುವ ಕಷ್ಟ ತಪ್ಪಿತ್ತು.

ಮರುದಿನ ಬೆಳಿಗ್ಗೆ ಪ್ರೊಫೆಸರಮ್ಮ ಬ್ಲೀಚಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಪೆಟ್ಟಿಗೆ ತೆಗೆದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ, ಬಾಟಲಿಯನ್ನು ದೂರ ಸರಿಸಿದರು. ಆಮೇಲೆ ವಾಸಿತೊನ ಕಡೆ ತಿರುಗಿ ಬೈಯಲು ಶುರುಮಾಡಿದರು.

"ನಿನ್ನೆ ಇಡೀ ದಿನ ಬಾಗಿಲು ತೆಗೀಲಿಲ್ಲ ಅಲ್ವಾ ನೀವು?"

"ಇಲ್ಲ ಬು, ಊಟದ ಗಡಿಬಿಡೀಲಿ..."

"ಅದಕ್ಕೇ ಬೆಳೆದಿದಾನೆ! ಇಷ್ಟು ದಿನ ಪ್ರೀತಿ ಪ್ರೀತಿ ಅಂತ ಮಾತುಮಾತಿಗೆ ಬಾಗಿಲು ತೆಗೆದು ಚಳಿಗೆ ಹಾಕಿದೀರಾ, ಅಲ್ಲಾಡ್ಸಿದೀರಾ. ಯಾವ ಜೀವ ತಾನೇ ಉಳಿಯುತ್ತೆ?"

ಬೀದಿಯಲ್ಲಿ ಈಗಲೂ ಎರಡು ಪಕ್ಷಗಳಿವೆ. ಗಂಜಿಯಿಂದ ಬದುಕಿದ ಎನ್ನುವವರು, ಬಾಗಿಲು ಮುಚ್ಚಿದ್ದರಿಂದ ಎನ್ನುವವರು. ನನ್ನನ್ನು ಕೇಳಿದರೆ, ಬಾಗಿಲು ಮುಚ್ಚಿಸಿದ್ದೇ ಗಂಜಿ ಎನ್ನುತ್ತೇನೆ. ಎರಡೂ ಕಡೆ ಊಟಕ್ಕೆ ಕರೆಯುತ್ತಾರೆ.

ತಿಂಗಳು ಕಳೆಯುವ ಹೊತ್ತಿಗೆ ಲೆಗಿಮಿನ್ ಸೀಸೆಗಟ್ಟಲೆ ತುಂಬಿದ. ಬೇರೆ ದ್ವೀಪಗಳ ಪ್ರಯೋಗಾಲಯಗಳಿಂದ ಅವನನ್ನು ಕೇಳಿಕೊಂಡು ಬರತೊಡಗಿದರು. ಅವನ ಕೆಲಸದ ಪರೀಕ್ಷೆಯ ಒಂದು ಚಿತ್ರವನ್ನು ವಾಸಿತೊ ಊರಿಗೆ ತಂದ. ಯಕೃತ್ತಿನ ರಸವನ್ನು ಜಾಲರಿಯಂಥ ಅಂಟಿನಲ್ಲಿ ಹರಿಯಬಿಟ್ಟು, ಅದರೊಳಗಿನ ಸಾವಿರಾರು ವಸ್ತುಗಳ ನಡುವೆ ಇವನು ಯಾರನ್ನು ಹಿಡಿಯುತ್ತಾನೆಂದು ನೋಡಿದ್ದು. ಬಿಳಿಯ ಹಾಳೆ, ಅದರ ಮೇಲೆ ಒಂದೇ ಒಂದು ಕಪ್ಪು ಗೆರೆ. ಮೇಲೆ ಏನೂ ಇಲ್ಲ, ಕೆಳಗೆ ಏನೂ ಇಲ್ಲ. ಎಂಬಾ ಸಾಸ್ತ್ರೊ ಅದಕ್ಕೆ ಕಟ್ಟು ಹಾಕಿಸಿ, ಪಾಕ್ ಬ್ರೋತೊನ ಮಕ್ಕಳ ಪದವಿಯ ಫೋಟೊಗಳ ನಡುವೆ, ಸ್ವಲ್ಪ ಎತ್ತರದಲ್ಲೇ, ತೂಗುಹಾಕಿದರು.

ಮೊನ್ನೆ ನೆಂಟರೊಬ್ಬರು ಬಂದು ಅದರ ಮುಂದೆ ಬಹಳ ಹೊತ್ತು ನಿಂತರು. ನೇರವಾಗಿ ಕೇಳಬಾರದಲ್ಲ, "ಯಾರ ಹೋಲಿಕೆ ಎಂಬಾ?" ಎಂದರು.

ಎಂಬಾ ಎಲೆಯಡಿಕೆ ಮಡಿಸುತ್ತ, ತಲೆ ಎತ್ತದೆಯೇ ಹೇಳಿದರು.

"ಎಷ್ಟು ನೆಟ್ಟಗಿದಾನೆ ನೋಡಿ. ನಮ್ಮ ಕಡೆಯೋನೇ."